ಅಮ್ಮನಿಗೂ ರಜೆ ಸಿಕ್ಕರೆ ಮಾತ್ರ ಅದು ಪ್ರವಾಸ: ಐದು ಜನ, ನಾಲ್ಕು ದಿನ, ಒಂದು ಅಡುಗೆಮನೆ, 8,610 ರೂಪಾಯಿ

'ಬಡವರಿಗೆ ಯಾಕೆ ಬೇಕು ಟೂರು?' ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲ್ಲ. ಆದರೆ ನಮ್ಮ ಸುತ್ತಲಿನ ಎಲ್ಲವೂ ಅದನ್ನೇ ಹೇಳುತ್ತಿರುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಫ್ರೀಯಾಗಿ ಧರ್ಮಸ್ಥಳಕ್ಕೆ ಹೋದರೆ 'ಇವರಿಗೆ ಮಾಡೋಕೆ ಕೆಲಸ ಇಲ್ವಾ' ಅನ್ನುವ ಮೀಮ್ ಬರುತ್ತದೆ. ಅದೇ ಐಟಿ ಕಂಪನಿಯವರು ವೀಕೆಂಡಿಗೆ ಸಕಲೇಶಪುರಕ್ಕೆ ಹೋದರೆ ಅದು 'ವರ್ಕ್-ಲೈಫ್ ಬ್ಯಾಲೆನ್ಸ್'. ಒಬ್ಬರ ವಿಶ್ರಾಂತಿ ಅಗತ್ಯ, ಇನ್ನೊಬ್ಬರ ವಿಶ್ರಾಂತಿ ಸೋಮಾರಿತನ. ಈ ವ್ಯತ್ಯಾಸ ಎಲ್ಲಿಂದ ಬಂತು?

ನಾನು ಹಾವೇರಿ ಜಿಲ್ಲೆಯವನು. ಅಪ್ಪ ಟೇಲರ್. ಅಮ್ಮ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು. ಮನೆಯಲ್ಲಿ ಅಜ್ಜಿ, ಪಿಯುಸಿ ಓದುವ ತಂಗಿ, ನಾನು. ಕಳೆದ ಏಪ್ರಿಲ್‌ನಲ್ಲಿ ನಾವು ಐದೂ ಜನ ಹೊನ್ನಾವರದ ಕಡೆ ಸಮುದ್ರದ ಹತ್ತಿರ ಒಂದು ಹಂಚಿನ ಮನೆ ಹಿಡಿದು, ನಾವೇ ಅಡುಗೆ ಮಾಡಿಕೊಂಡು, ಮೂರು ರಾತ್ರಿ ಇದ್ದು ಬಂದೆವು. ಒಟ್ಟು ಖರ್ಚು 8,610 ರೂಪಾಯಿ. ತಲೆಗೆ 1,722.

ಇದು ಟ್ರಾವೆಲ್ ಬ್ಲಾಗ್ ಅಲ್ಲ. ಕಡಿಮೆ ದುಡ್ಡಿನಲ್ಲಿ ಒಂದು ಕುಟುಂಬ ಹೇಗೆ ನಾಲ್ಕು ದಿನ ಖುಷಿಯಾಗಿ ಇರಬಹುದು ಅನ್ನುವುದನ್ನು ಲೆಕ್ಕ ಸಮೇತ ವಿವರಿಸುತ್ತೇನೆ. ಆದರೆ ಆ ಲೆಕ್ಕದ ಹಿಂದೆ ಕಾನೂನು ಇದೆ, ಜಾತಿ ಇದೆ, ಹೆಂಗಸರ ದುಡಿಮೆ ಇದೆ. ಅವನ್ನು ಬಿಟ್ಟು ಬರೀ 'ಟಿಪ್ಸ್' ಕೊಟ್ಟರೆ ಅರ್ಧ ಸತ್ಯ ಹೇಳಿದಂತೆ.

ರಜೆ ಯಾರ ಹಕ್ಕು?

ಮೊದಲು ಸಂವಿಧಾನ ತೆಗೆದು ನೋಡಿ. 43ನೇ ವಿಧಿ, ರಾಜ್ಯ ನೀತಿಯ ನಿರ್ದೇಶಕ ತತ್ವಗಳಲ್ಲಿ ಬರುತ್ತದೆ. ಕಾರ್ಮಿಕರಿಗೆ ಬದುಕಲು ಸಾಕಾಗುವ ಕೂಲಿ ಸಿಗಬೇಕು ಅಂತ ಹೇಳಿ ಅದು ಅಲ್ಲಿಗೇ ನಿಲ್ಲಲ್ಲ. ಬಿಡುವಿನ ವೇಳೆಯನ್ನು ಪೂರ್ಣವಾಗಿ ಅನುಭವಿಸುವಂಥ ಸ್ಥಿತಿಯನ್ನೂ ರಾಜ್ಯ ಒದಗಿಸಲು ಯತ್ನಿಸಬೇಕು ಅನ್ನುತ್ತದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿ ಇನ್ನೂ ನೇರ: ವಿಶ್ರಾಂತಿ, ಕೆಲಸದ ಗಂಟೆಗಳಿಗೆ ಮಿತಿ, ಆಗಾಗ ಸಂಬಳ ಸಹಿತ ರಜೆ, ಇವು ಪ್ರತಿಯೊಬ್ಬರ ಹಕ್ಕು.

ಸಂಬಳ ಸಹಿತ ರಜೆ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಫ್ರಾನ್ಸ್‌ನಲ್ಲಿ 1936ರ ಬೇಸಿಗೆಯಲ್ಲಿ ಲಕ್ಷಾಂತರ ಕಾರ್ಮಿಕರು ಕಾರ್ಖಾನೆಗಳನ್ನೇ ಆಕ್ರಮಿಸಿ ಮುಷ್ಕರ ಹೂಡಿದರು. ಆಗಷ್ಟೇ ಬಂದಿದ್ದ ಪಾಪ್ಯುಲರ್ ಫ್ರಂಟ್ ಸರ್ಕಾರ ವರ್ಷಕ್ಕೆ ಎರಡು ವಾರದ ಸಂಬಳ ಸಹಿತ ರಜೆಯ ಕಾನೂನು ತಂದಿತು. ರಜೆ ಕೊಟ್ಟರೆ ಸಾಲದು, ಹೋಗಲು ದುಡ್ಡು ಬೇಕಲ್ಲ? ಹಾಗಾಗಿ ರೈಲು ಟಿಕೆಟ್‌ನಲ್ಲಿ ಶೇ. 40ರಷ್ಟು ರಿಯಾಯಿತಿಯನ್ನೂ ಕೊಟ್ಟಿತು. ಆ ವರ್ಷ ಸಮುದ್ರ ತೀರಕ್ಕೆ ಬಂದ ಕಾರ್ಮಿಕರ ಕುಟುಂಬಗಳನ್ನು ನೋಡಿ ಶ್ರೀಮಂತರು ಮೂಗು ಮುರಿದಿದ್ದರು. ಶಕ್ತಿ ಯೋಜನೆ ಬಂದಾಗ ನಮ್ಮಲ್ಲಿ ಕೇಳಿಬಂದ ಗೊಣಗಾಟಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ವರ್ಷಕ್ಕೆ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಕೊಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ 240 ದಿನ 180ಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ಈ ಲೆಕ್ಕದಲ್ಲಿ ಯಾರಿದ್ದಾರೆ? ಸ್ವಂತ ಮಷೀನ್ ಇಟ್ಟುಕೊಂಡ ನನ್ನ ಅಪ್ಪನಂಥ ಟೇಲರ್ ಇಲ್ಲ. ಗಾರೆ ಕೆಲಸದ ದಿನಗೂಲಿಯವರಿಗೆ ಅದು ಕಾಗದದ ಮೇಲಷ್ಟೇ. ಊಟ ತಂದುಕೊಡುವ ಡೆಲಿವರಿ ಹುಡುಗ ಆ್ಯಪ್ ಆಫ್ ಮಾಡಿದ ದಿನ ಅವನ ಆದಾಯವೂ ಆಫ್.

ಬಿಸಿಯೂಟದ ಅಡುಗೆಯವರದ್ದು ಇನ್ನೂ ವಿಚಿತ್ರ. ಅವರಿಗೆ ಸಿಗುವುದು ಸಂಬಳ ಅಲ್ಲ, 'ಗೌರವಧನ'. ಕೇಂದ್ರದ ಮಾರ್ಗಸೂಚಿಯಲ್ಲಿ ಅದು 2009ರಿಂದಲೂ ತಿಂಗಳಿಗೆ 1,000 ರೂಪಾಯಿಯೇ, ಅದೂ ವರ್ಷಕ್ಕೆ 10 ತಿಂಗಳು. ಮೇಲಿನದ್ದನ್ನು ರಾಜ್ಯಗಳು ತಮ್ಮ ಕೈಯಿಂದ ಸೇರಿಸುತ್ತವೆ. ಅಂದರೆ ಮಕ್ಕಳಿಗೆ 'ಬೇಸಿಗೆ ರಜೆ' ಬಂದಾಗ ಆ ಮಾರ್ಗಸೂಚಿಯ ಪ್ರಕಾರ ಅಡುಗೆಯವರಿಗೆ ಬರುವುದು ಕೈ ಖಾಲಿ ಇರುವ ರಜೆ. ಬಿಡುವಿದ್ದಾಗ ದುಡ್ಡಿರಲ್ಲ, ದುಡ್ಡಿದ್ದಾಗ ಬಿಡುವಿರಲ್ಲ.

ಬುತ್ತಿ ಕಟ್ಟಿಕೊಂಡು ಹೋಗೋದು ಹೊಸತಲ್ಲ

'ಸೆಲ್ಫ್ ಕೇಟರಿಂಗ್ ಹಾಲಿಡೇ' ಅಂದರೆ ವಿದೇಶಿ ಕಲ್ಪನೆ ಅನಿಸುತ್ತದೆ. ಆದರೆ ಉತ್ತರ ಕರ್ನಾಟಕದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ನೋಡಿ. ಮೊದಲು ಚಕ್ಕಡಿಯಲ್ಲಿ, ಈಗ ಟ್ರ್ಯಾಕ್ಟರ್, ಟೆಂಪೊಗಳಲ್ಲಿ ಇಡೀ ಮನೆತನವೇ ಬರುತ್ತದೆ. ಬಯಲಲ್ಲಿ ಮೂರು ಕಲ್ಲು ಹೂಡಿ ಒಲೆ. ಹೋಳಿಗೆ, ಕಡಬು, ಬದನೆಕಾಯಿ ಪಲ್ಯ. ದೇವಿಗೆ ನೈವೇದ್ಯ ಹಿಡಿದು, ಪಡ್ಡಲಗಿ ತುಂಬಿಸಿ, ಆಮೇಲೆ ಎಲ್ಲರೂ ಸಾಲಾಗಿ ಕೂತು ಊಟ. ಹೊಲದ ಕೆಲಸ ಬಿಟ್ಟು ಎರಡು ಮೂರು ದಿನ ಹೊರಗೆ ಇರುವುದಕ್ಕೆ ನಮ್ಮ ಅಜ್ಜ ಅಜ್ಜಿಯರಿಗೆ ಇದ್ದ ಒಪ್ಪಿತ ಕಾರಣ ಅಂದರೆ ದೇವರು. ಭಕ್ತಿ ಸುಳ್ಳು ಅಂತಲ್ಲ. ಆ ಭಕ್ತಿಯೊಳಗೆ ವಿಶ್ರಾಂತಿಯೂ ಇತ್ತು ಅಂತ ಹೇಳುತ್ತಿದ್ದೇನೆ.

ದಕ್ಷಿಣದಲ್ಲಿ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆ ಇದೆ. ಸಿದ್ದಪ್ಪಾಜಿಯ ಒಕ್ಕಲಿನವರು ಐದು ದಿನ ಅಲ್ಲೇ ಬಿಡಾರ ಹೂಡುತ್ತಾರೆ. ಪಂಕ್ತಿಸೇವೆಯ ದಿನ ಮಾಂಸದ ಅಡುಗೆ ಮಾಡಿ, ಜಾತಿ ಕೇಳದೆ ಜೊತೆಗೆ ಕೂತು ಉಣ್ಣುತ್ತಾರೆ. ಪ್ರಾಣಿಬಲಿ ತಡೆ ಕಾಯ್ದೆಯ ಹೆಸರಲ್ಲಿ ಆಡಳಿತ ನಿರ್ಬಂಧ ಹೇರಿದಾಗ, 'ನಾವು ಬಲಿ ಕೊಡುತ್ತಿಲ್ಲ, ಬಂದ ನೆಂಟರಿಗೆ ಊಟ ಹಾಕುತ್ತಿದ್ದೇವೆ' ಅಂತ ಒಕ್ಕಲಿನವರೂ ಪ್ರಗತಿಪರ ಸಂಘಟನೆಗಳೂ ವಾದಿಸಿದವು. ದುಡಿಯುವ ಜನ ಊರಾಚೆ ಒಲೆ ಹೂಡಿದರೆ ಅಲ್ಲಿ ಏನು ಬೇಯುತ್ತದೆ ಅನ್ನುವುದೂ ರಾಜಕೀಯವಾಗುತ್ತದೆ, ಗಮನಿಸಿ.

ಹೋಟೆಲು, ರೆಸಾರ್ಟು, ಪ್ಯಾಕೇಜು ಬಂದ ಮೇಲೆ ಬುತ್ತಿ ತೆಗೆದುಕೊಂಡು ಹೋಗೋದು ಅಂದರೆ ಸ್ವಲ್ಪ ಮುಜುಗರ ಶುರುವಾಯಿತು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಲೆಕ್ಕ ಹೀಗಿದೆ

ಒಂದು ವರ್ಷ ಮೊದಲೇ ನಾವು ತಿಂಗಳಿಗೆ 750 ರೂಪಾಯಿ ತೆಗೆದಿಡಲು ಶುರು ಮಾಡಿದೆವು. ಅಮ್ಮನ ಗೃಹಲಕ್ಷ್ಮಿ ಹಣದಿಂದ 500, ನನ್ನ ಪಾರ್ಟ್‌ಟೈಮ್ ಕೆಲಸದಿಂದ 250. ಹನ್ನೆರಡು ತಿಂಗಳಿಗೆ 9,000. ಇದು ನಮ್ಮ ಮೊದಲ ನಿಯಮ: ಸಾಲ ಮಾಡಿ ಪ್ರವಾಸ ಇಲ್ಲ. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಗಿ ಬಂದ ನಾಡಿದು. ನಾಲ್ಕು ದಿನದ ಖುಷಿಗೆ ವಾರದ ಕಂತು ಕಟ್ಟೋದು ಬೇಡವೇ ಬೇಡ.

ಬಸ್: ಹಾವೇರಿಯಿಂದ ಶಿರಸಿ, ಅಲ್ಲಿಂದ ಘಟ್ಟ ಇಳಿದು ಕುಮಟಾ, ಹೊನ್ನಾವರ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಅಜ್ಜಿ, ಅಮ್ಮ, ತಂಗಿಗೆ ಶೂನ್ಯ ಟಿಕೆಟ್. ನಾನು, ಅಪ್ಪ ಇಬ್ಬರೇ ದುಡ್ಡು ಕೊಟ್ಟಿದ್ದು. ಹೋಗಿ ಬರಲು 880 ರೂಪಾಯಿ. ಐದೂ ಜನಕ್ಕೆ ಪೂರ್ತಿ ಟಿಕೆಟ್ ಆಗಿದ್ದರೆ 2,200 ಆಗುತ್ತಿತ್ತು. ನೆನಪಿಡಿ: ರಾಜಹಂಸ, ಸ್ಲೀಪರ್, ಎಸಿ ಬಸ್‌ಗಳಿಗೂ ಬೇರೆ ರಾಜ್ಯಕ್ಕೆ ಹೋಗುವ ಬಸ್‌ಗಳಿಗೂ ಶಕ್ತಿ ಇಲ್ಲ. ಹಾಗಾಗಿ ನೇರ ಸ್ಲೀಪರ್ ಹುಡುಕುವ ಬದಲು ಸಾಮಾನ್ಯ ಬಸ್ ಬದಲಿಸುತ್ತಾ ಹೋಗುವ ದಾರಿ ಹುಡುಕಿ.

ಮನೆ: ದಿನಕ್ಕೆ 1,200ರಂತೆ ಮೂರು ರಾತ್ರಿಗೆ 3,600. ಎರಡು ಕೋಣೆ, ಒಂದು ಅಡುಗೆಮನೆ, ಗ್ಯಾಸ್ ಒಲೆ, ಬಾವಿ. ಸೋಮವಾರ ಹೋಗಿ ಗುರುವಾರ ಬಂದೆವು. ಶುಕ್ರವಾರದಿಂದ ಭಾನುವಾರದವರೆಗೆ ಅದೇ ಮನೆಗೆ ದರ ಹೆಚ್ಚು.

ಮನೆಯಿಂದ ಒಯ್ದ ದಿನಸಿ: 1,380. ಇದರಲ್ಲಿ 60 ಖಡಕ್ ರೊಟ್ಟಿಗೆ 480. ಉಳಿದದ್ದು ಅಕ್ಕಿ, ತೊಗರಿಬೇಳೆ, ರವೆ, ಅವಲಕ್ಕಿ, ಮಂಡಕ್ಕಿ, ಎಣ್ಣೆ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು.

ಅಲ್ಲಿ ಕೊಂಡದ್ದು: 1,100. ಬಂಗಡೆ, ತಾರ್ಲೆ, ತರಕಾರಿ, ಹಾಲು, ತೆಂಗಿನಕಾಯಿ, ಒಂದು ಗೊಂಚಲು ಕುಮಟಾ ಈರುಳ್ಳಿ.

ಊರೊಳಗಿನ ಓಡಾಟಕ್ಕೆ 600. ಒಂದು ಹೊತ್ತಿನ ಹೋಟೆಲ್ ಊಟ ಮತ್ತು ದಾರಿಯ ಚಹಾ 750. ಪ್ರವೇಶ ಶುಲ್ಕ, ಚಿಲ್ಲರೆ ಖರ್ಚು 300. ಎಲ್ಲ ಕೂಡಿಸಿ: 8,610.

ಈಗ ಹೋಲಿಸಿ. ನಮ್ಮಂಥ ಐದು ಜನಕ್ಕೆ ಲಾಡ್ಜ್‌ನಲ್ಲಿ ಎರಡು ರೂಮು ಬೇಕು. ಒಂದಕ್ಕೆ 1,500 ಅಂದರೂ ಮೂರು ರಾತ್ರಿಗೆ 9,000, ಶೇ. 5 ಜಿಎಸ್‌ಟಿ ಸೇರಿ 9,450. ಊಟ ತಿಂಡಿಗೆ ತಲೆಗೆ ದಿನಕ್ಕೆ 300 ಅಂದುಕೊಂಡರೆ ನಾಲ್ಕು ದಿನಕ್ಕೆ 6,000. ಉಳಿದ ಖರ್ಚು ಅಷ್ಟೇ ಇಟ್ಟರೂ ಒಟ್ಟು 17,230. ಸರಿಸುಮಾರು ದುಪ್ಪಟ್ಟು.

ಇಲ್ಲಿ ಒಂದು ಸಂಗತಿ ಇದೆ. ಊಟದಲ್ಲಿ ನಮಗೆ ಉಳಿದದ್ದು 2,770. ವಾಸದಲ್ಲಿ ಉಳಿದದ್ದು 5,850. ಅಂದರೆ ಅಡುಗೆಮನೆ ಇರುವ ಮನೆ ಹಿಡಿದರೆ ದೊಡ್ಡ ಲಾಭ ಅಡುಗೆಯಿಂದ ಬರಲ್ಲ, ಮನೆಯಿಂದ ಬರುತ್ತದೆ. ಜನ ಹೆಚ್ಚಿದ್ದಷ್ಟೂ ಈ ಲಾಭ ಹೆಚ್ಚು. ಇಬ್ಬರೇ ಹೋಗುವುದಾದರೆ ಒಂದು ಸಾದಾ ರೂಮು ಹಿಡಿದು ಖಾನಾವಳಿಯಲ್ಲಿ ಉಂಡರೂ ನಡೆಯುತ್ತದೆ.

ತೆರಿಗೆ ಎಲ್ಲಿ ಕೂತಿದೆ?

ದಿನಕ್ಕೆ 1,000 ರೂಪಾಯಿವರೆಗಿನ ಹೋಟೆಲ್ ರೂಮಿಗೆ 2022ರ ಜುಲೈ 18ರವರೆಗೆ ಜಿಎಸ್‌ಟಿ ಇರಲಿಲ್ಲ. ಅಂದಿನಿಂದ ಶೇ. 12 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ 7,500ರವರೆಗಿನ ಎಲ್ಲ ರೂಮಿಗೂ ಶೇ. 5. 'ತೆರಿಗೆ ಇಳಿಸಿದೆವು' ಅಂತ ಜಾಹೀರಾತು ಬಂತು, ನಿಜ. ಆದರೆ 800 ರೂಪಾಯಿಯ ರೂಮು ಹಿಡಿಯುವವನಿಗೆ ಐದು ವರ್ಷದ ಹಿಂದೆ ಇದ್ದ ಸೊನ್ನೆ ತೆರಿಗೆ ವಾಪಸ್ ಬಂದಿಲ್ಲ. 7,000ದ ರೂಮಿನವನಿಗೂ ಅವನಿಗೂ ಈಗ ಒಂದೇ ದರ.

ಎರಡು ಉಪಯುಕ್ತ ವಿಷಯ. ನೋಂದಾಯಿತ ಧಾರ್ಮಿಕ ಸಂಸ್ಥೆಗಳು ತಮ್ಮ ಆವರಣದಲ್ಲಿ ಕೊಡುವ, ದಿನಕ್ಕೆ 1,000ಕ್ಕಿಂತ ಕಡಿಮೆ ಬಾಡಿಗೆಯ ಕೋಣೆಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ. ಇನ್ನೊಂದು: ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ಮನೆಯವರು ಜಿಎಸ್‌ಟಿ ನೋಂದಣಿ ಮಾಡಬೇಕಿಲ್ಲ. ಆದರೆ ಅದೇ ಮನೆಯನ್ನು ಬುಕಿಂಗ್ ಆ್ಯಪ್‌ನಲ್ಲಿ ಹಿಡಿದರೆ ಆ್ಯಪ್ ಕಂಪನಿ ತೆರಿಗೆ ಕಟ್ಟಬೇಕು, ಅದು ನಿಮ್ಮ ಬಿಲ್ಲಿಗೇ ಬರುತ್ತದೆ. ಮೇಲೆ ಕಂಪನಿಯ ಕಮಿಷನ್. ಹಾಗಾಗಿ ಆ್ಯಪ್‌ನಲ್ಲಿ ನೋಡಿ, ಸಾಧ್ಯವಾದರೆ ಮನೆಯವರ ಹತ್ತಿರ ನೇರವಾಗಿ ಮಾತಾಡಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಲು ಮಾತ್ರ ಮರೆಯಬೇಡಿ.

ಸೌಟು ಯಾರ ಕೈಯಲ್ಲಿ?

ಈಗ ಅಸಲಿ ಪ್ರಶ್ನೆ. ಅಡುಗೆಮನೆ ಜೊತೆಗೇ ಬಂದರೆ ಅದು ಯಾರಿಗೆ ರಜೆ?

ಕೇಂದ್ರ ಸಾಂಖ್ಯಿಕ ಇಲಾಖೆಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟಿದ್ದಾರೆ. ಗಂಡಸರು 88 ನಿಮಿಷ. ಅದೂ ಕೆಲಸಕ್ಕೆ ಕೈ ಹಚ್ಚಿದ ಗಂಡಸರ ಲೆಕ್ಕ ಮಾತ್ರ, ಕೈ ಹಚ್ಚದವರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ. ಇದೇ ಲೆಕ್ಕ ಸಮುದ್ರ ತೀರಕ್ಕೂ ಬಂದರೆ, ಐದು ಜನರ ಪ್ರವಾಸದಲ್ಲಿ ಹಣ ಉಳಿದದ್ದು ಹೇಗೆ? ಒಬ್ಬ ಹೆಂಗಸಿನ ಕೂಲಿ ಕೊಡದ ದುಡಿಮೆಯಿಂದ. ಅದನ್ನು 'ಬಜೆಟ್ ಟ್ರಿಪ್' ಅಂತ ಕರೆಯೋದು ಮೋಸ.

ನಮ್ಮ ಅಮ್ಮ ಇದನ್ನು ಮೊದಲೇ ಬಿಡಿಸಿ ಹೇಳಿದ್ದರು. 'ಶಾಲ್ಯಾಗ ಮಾಡ್ತೀನಿ, ಮನ್ಯಾಗ ಮಾಡ್ತೀನಿ, ಸಮುದ್ರದ ದಂಡಿ ಮ್ಯಾಲೂ ನಾನೇ ಮಾಡೂದಿದ್ರ ನಾ ಬರಂಗಿಲ್ಲ ನೋಡ್ರಿ.' ಷರತ್ತು ಒಪ್ಪಿಕೊಂಡ ಮೇಲೆಯೇ ದುಡ್ಡು ಕೂಡಿಸಲು ಶುರು ಮಾಡಿದ್ದು.

ಹಾಗಾಗಿ ಒಂದು ಹಾಳೆಯಲ್ಲಿ ಪಾಳಿ ಬರೆದೆವು. ಬೆಳಗಿನ ತಿಂಡಿ ಅಪ್ಪ, ಮಧ್ಯಾಹ್ನ ನಾನು, ರಾತ್ರಿ ನಾನು ಮತ್ತು ತಂಗಿ. ಪಾತ್ರೆ ಅಪ್ಪ. ಅಮ್ಮ, ಅಜ್ಜಿ ಇಬ್ಬರಿಗೂ ಅಡುಗೆಮನೆ ಪ್ರವೇಶ ನಿಷೇಧ. ಅಪ್ಪನಿಗೆ ಬರುವುದು ಉಪ್ಪಿಟ್ಟು, ಅವಲಕ್ಕಿ, ಗಿರ್ಮಿಟ್ ಮೂರೇ. ದಿನಕ್ಕೊಂದರಂತೆ ಮೂರು ದಿನಕ್ಕೆ ಅಷ್ಟು ಸಾಕಾಯಿತು. ಅಜ್ಜಿ ಮಾತ್ರ ಮೊದಲ ದಿನ ಎರಡು ಸಲ ಬಾಗಿಲ ಹತ್ತಿರ ಬಂದು 'ಉಪ್ಪು ಹಾಕಿರೇನು?' ಅಂತ ಕೇಳಿದರು. ಎರಡನೇ ದಿನದಿಂದ ಅದೂ ನಿಂತಿತು. ಅಮ್ಮ ಮಧ್ಯಾಹ್ನ ಮೂರು ತಾಸು ಮಲಗಿದ್ದನ್ನು ನಾನು ನನ್ನ ಬುದ್ಧಿ ಬಂದ ಮೇಲೆ ಮೊದಲ ಸಲ ನೋಡಿದ್ದು ಅಲ್ಲೇ.

ಪಾಳಿ ಹಂಚುವಾಗ ಕಣ್ಣಿಗೆ ಬೀಳದ ಕೆಲಸವೂ ಇರುತ್ತದೆ. ಹೊರಡುವ ಹಿಂದಿನ ರಾತ್ರಿ ರೊಟ್ಟಿ ಬಡಿಯೋದು, ಪುಡಿ ಕುಟ್ಟೋದು, ಡಬ್ಬಿ ತುಂಬೋದು. ವಾಪಸ್ ಬಂದ ಮೇಲೆ ಐದು ಜನರ ಬಟ್ಟೆ ತೊಳೆಯೋದು. ಪ್ರವಾಸದ ನಾಲ್ಕು ದಿನ ಗಂಡಸರು ಅಡುಗೆ ಮಾಡಿ, ಅದರ ಹಿಂದು ಮುಂದಿನ ನಾಲ್ಕು ದಿನ ಹೆಂಗಸರು ಎರಡು ಪಟ್ಟು ದುಡಿದರೆ ಲೆಕ್ಕ ಸರಿಹೋಗಲ್ಲ. ನಾವು 60 ರೊಟ್ಟಿಯನ್ನು ರೊಟ್ಟಿ ಕೇಂದ್ರದಿಂದ ಕೊಂಡದ್ದು ಇದಕ್ಕೇ. ಮನೆಯಲ್ಲೇ ಮಾಡಿದ್ದರೆ 300 ರೂಪಾಯಿ ಉಳಿಯುತ್ತಿತ್ತೇನೋ, ಆದರೆ ಆ 300 ಅಮ್ಮನ ತೋಳಿನಿಂದ ಬರುತ್ತಿತ್ತು. ರೊಟ್ಟಿ ಕೇಂದ್ರದಲ್ಲಿ ದುಡಿಯುವವರೂ ಹೆಂಗಸರೇ, ಹೌದು. ಆದರೆ ಅಲ್ಲಿ ಅದಕ್ಕೆ ಕೂಲಿ ಇದೆ.

ಅಡುಗೆ ಹಗುರ ಇರಬೇಕು ಅನ್ನುವುದು ಇನ್ನೊಂದು ಸೂತ್ರ. ದಿನಕ್ಕೆ ಒಂದೇ ಸಲ ಒಲೆ ಮೇಲೆ ದೊಡ್ಡ ಅಡುಗೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ, ಚಟ್ನಿಪುಡಿಯೂ ಅಷ್ಟೇ, ಜೊತೆಗೆ ಮೊಸರು, ಹಸಿ ಈರುಳ್ಳಿ ಇದ್ದರೆ ಅದೇ ಒಂದು ಊಟ. ಕರಾವಳಿಯ ಸೆಖೆಯಲ್ಲಿ ಮೂರು ಹೊತ್ತು ಒಲೆ ಮುಂದೆ ನಿಲ್ಲೋದು ಯಾರಿಗೂ ರಜೆ ಅಲ್ಲ, ಗಂಡಸರಿಗೂ ಅಲ್ಲ. ಒಂದು ಹೊತ್ತು ಹೊರಗೆ ಊಟ ಮಾಡಲು ದುಡ್ಡು ಎತ್ತಿಡಿ. ಎಲ್ಲರೂ ಒಟ್ಟಿಗೆ ಕೂತು ಬೇರೆಯವರ ಕೈಯಿಂದ ಬಡಿಸಿಕೊಂಡು ಉಣ್ಣುವ ಆ ಒಂದು ಗಂಟೆ ಇಡೀ ಪ್ರವಾಸದ ರುಚಿ ಬದಲಿಸುತ್ತದೆ.

'ನೀವು ಯಾರ ಪೈಕಿ?'

ಮನೆ ಹುಡುಕುವಾಗ ನಾನು ಏಳೆಂಟು ಕಡೆ ಫೋನ್ ಮಾಡಿದೆ. ಬರೀ ರೂಮು ಬೇಕು ಅಂದರೆ ಯಾರೂ ಏನೂ ಕೇಳಲ್ಲ. 'ಅಡುಗೆ ನಾವೇ ಮಾಡಿಕೊಳ್ತೀವಿ' ಅಂದ ಕೂಡಲೇ ದನಿ ಬದಲಾಗುತ್ತದೆ. ಒಬ್ಬರು 'ನೀವು ವೆಜ್ಜಾ ನಾನ್‌ವೆಜ್ಜಾ?' ಅಂದರು. ಇನ್ನೊಬ್ಬರು ಸುತ್ತಿ ಬಳಸದೆ 'ನೀವು ಯಾರ ಪೈಕಿ?' ಅಂತಲೇ ಕೇಳಿದರು. ಹೇಳಿದ ಮೇಲೆ ಆ ಮನೆ 'ಬುಕ್ ಆಗಿಬಿಟ್ಟಿತ್ತು'.

ಇದು ಹೊಸ ಕಥೆಯಲ್ಲ. 1934ರಲ್ಲಿ ಅಂಬೇಡ್ಕರ್ ಮತ್ತು ಅವರ ಸಂಗಾತಿಗಳು ವೆರುಳದ ಗುಹೆಗಳನ್ನು ನೋಡಲು ಹೊರಟವರು ದಾರಿಯಲ್ಲಿ ದೌಲತಾಬಾದ್ ಕೋಟೆಗೆ ಹೋದರು. ಕೋಟೆ ಬಾಗಿಲ ಹತ್ತಿರದ ಕೊಳದಲ್ಲಿ ಕೈಕಾಲು ತೊಳೆದುಕೊಂಡದ್ದಕ್ಕೆ ಜನ ಸೇರಿ ಬೈದರು. ಪ್ರವಾಸಿ ತಾಣದಲ್ಲಿ ನೀರು ಮುಟ್ಟಿದ್ದೇ ಅಪರಾಧವಾಗಿತ್ತು. ಅವರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನು ಬರೆದಿದ್ದಾರೆ.

ಕಾನೂನು ಏನನ್ನುತ್ತದೆ? ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಹೋಗಲು ಜಾತಿ, ಧರ್ಮ, ಲಿಂಗದ ಕಾರಣಕ್ಕೆ ತಡೆ ಒಡ್ಡುವುದನ್ನು ನಿಷೇಧಿಸುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲು, ಧರ್ಮಶಾಲೆ, ಛತ್ರಗಳಲ್ಲಿ ಸಾರ್ವಜನಿಕರ ಬಳಕೆಗೆ ಇಟ್ಟ ಪಾತ್ರೆ ಪಗಡಗಳನ್ನು ಬಳಸದಂತೆ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದನ್ನೂ ಅಪರಾಧ ಅನ್ನುತ್ತದೆ. ಕಾನೂನು ಬರೆದವರಿಗೆ ಗೊತ್ತಿತ್ತು: ಜಾತಿ ಬಾಗಿಲಲ್ಲಿ ಮಾತ್ರ ನಿಲ್ಲಲ್ಲ, ಪಾತ್ರೆಯಲ್ಲೂ ಕೂತಿರುತ್ತದೆ.

'ನಮ್ಮ ಅಡುಗೆಮನೆಯಲ್ಲಿ ಮೀನು ಬೇಡ' ಅನ್ನುವುದು ಮಾಲೀಕರ ನಿಯಮ ಇರಬಹುದು, ಒಪ್ಪುವುದು ಬಿಡುವುದು ನಿಮ್ಮಿಷ್ಟ. ಆದರೆ ಆಹಾರದ ಪ್ರಶ್ನೆಯನ್ನು ಜಾತಿ ಕೇಳುವ ಅಡ್ಡದಾರಿ ಮಾಡಿಕೊಂಡರೆ ಅದು ಬೇರೆ ಮಾತು. ಮೊದಲ ಫೋನಿನಲ್ಲೇ ಸ್ಪಷ್ಟವಾಗಿ ಕೇಳಿ: ಮೀನು, ಮೊಟ್ಟೆ, ಮಾಂಸ ಬೇಯಿಸಬಹುದಾ? ಪಾತ್ರೆ ನಿಮ್ಮದಾ, ನಮ್ಮದಾ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನಾವು ಕೊನೆಗೆ ಹಿಡಿದ ಮನೆಯ ಯಜಮಾನಿ ಕೇಳಿದ್ದು ಒಂದೇ ಪ್ರಶ್ನೆ: 'ಮೀನು ಸ್ವಚ್ಛ ಮಾಡೋಕೆ ಬರ್ತದಾ, ಇಲ್ಲಾ ಮಾರ್ಕೆಟ್ಟಲ್ಲೇ ಮಾಡಿಸ್ಕೊಂಡು ಬರ್ತೀರಾ?'

ಹೊರಡುವ ಮೊದಲು ಗೊತ್ತಿರಬೇಕಾದ್ದು

ಗ್ಯಾಸ್ ಒಯ್ಯಬೇಡಿ. ರೈಲಿನಲ್ಲಿ ಸಿಲಿಂಡರ್, ಸ್ಟೌ ಕೊಂಡೊಯ್ಯುವುದು ರೈಲ್ವೆ ಕಾಯ್ದೆ ಪ್ರಕಾರ ಅಪರಾಧ. 2023ರ ಆಗಸ್ಟ್ 26ರಂದು ಮಧುರೈನಲ್ಲಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಕದ್ದು ತಂದಿದ್ದ ಸಿಲಿಂಡರ್‌ನಿಂದ ಬೆಂಕಿ ಹತ್ತಿ 9 ಜನ ಸತ್ತರು. ಲಖನೌದಿಂದ ತೀರ್ಥಯಾತ್ರೆಗೆ ಬಂದಿದ್ದವರು. ಬಸ್ಸಿಗೂ ಸಿಲಿಂಡರ್ ತರಬೇಡಿ. ಒಲೆ ಇರುವ ಮನೆಯನ್ನೇ ಹಿಡಿಯಿರಿ. ಇಂಡಕ್ಷನ್ ಒಯ್ಯುವುದಾದರೆ ಆ ಮನೆಯ ವೈರಿಂಗ್ ತಡೆಯುತ್ತದಾ ಅಂತ ಮೊದಲು ಕೇಳಿ.

ದಿನಸಿ ಒಯ್ಯಲು ಹಿಂಜರಿಯಬೇಡಿ. ಸಾರಿಗೆ ನಿಗಮದ ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ.ವರೆಗೆ ಲಗೇಜು ಉಚಿತ, ಅಕ್ಕಿ ರಾಗಿ ಚೀಲವೂ ಅದರೊಳಗೇ ಬರುತ್ತದೆ. ಶೂನ್ಯ ಟಿಕೆಟ್‌ನವರಿಗೂ ಇದು ಅನ್ವಯ.

ಮೀನು ತಿನ್ನುವವರು ಕರಾವಳಿಗೆ ಜೂನ್ 1ರೊಳಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಇರುತ್ತದೆ. ಮೀನಿನ ಸಂತತಿ ಉಳಿಯಲು ಅದು ಬೇಕು. ಆಗ ಮೀನು ಕಡಿಮೆ, ದರ ಜಾಸ್ತಿ, ಸಮುದ್ರವೂ ಮುನಿದಿರುತ್ತದೆ.

ಮಲೆನಾಡಿಗೆ ಹೋಗುವವರು ಕಾಡಿನೊಳಗೆ ಒಲೆ ಹೂಡಬೇಡಿ. ಕಾಯ್ದಿಟ್ಟ ಅರಣ್ಯ, ಅಭಯಾರಣ್ಯಗಳಲ್ಲಿ ಬೆಂಕಿ ಹಚ್ಚುವುದು ಅಪರಾಧ. ಏಪ್ರಿಲ್‌ನ ಒಣ ತರಗೆಲೆಗೆ ಒಂದು ಕಿಡಿ ಸಾಕು. ಕಸವನ್ನು ವಾಪಸ್ ಚೀಲದಲ್ಲಿ ತನ್ನಿ. ಕಡಿಮೆ ದುಡ್ಡಿನ ಪ್ರವಾಸಿಗರು ಅಂದರೆ ಗಲೀಜು ಮಾಡುವವರು ಅನ್ನುವ ಮಾತಿಗೆ ನಾವು ಪುರಾವೆ ಕೊಡುವುದು ಬೇಡ.

ನೋಡಲು ದುಡ್ಡು ಬೇಕಾಗುವ ಜಾಗ ದಿನಕ್ಕೆ ಒಂದೇ ಇಟ್ಟುಕೊಳ್ಳಿ. ನಾವು ಒಂದು ದಿನ ಶರಾವತಿ ಹಿನ್ನೀರಿನ ಕಾಂಡ್ಲಾ ವನದಲ್ಲಿ ಮರದ ಸೇತುವೆ ಮೇಲೆ ನಡೆದೆವು, ಒಂದು ದಿನ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ಬೀಚಿಗೆ ಹೋದೆವು. ಉಳಿದಂತೆ ಮನೆ ಮುಂದಿನ ಮರಳೇ ಸಾಕಾಯಿತು. ಅಜ್ಜಿಗೆ 71 ವರ್ಷ. ಸಮುದ್ರದ ನೀರು ನಿಜವಾಗಿಯೂ ಉಪ್ಪಾ ಅಂತ ನಾಲಿಗೆಗೆ ಹಚ್ಚಿ ನೋಡಿದರು.

ಕೇಳಬೇಕಾದ್ದನ್ನು ಕೇಳೋಣ

ಇಷ್ಟೆಲ್ಲ ಓದಿ 'ಜಾಣತನದಿಂದ ಖರ್ಚು ಮಾಡಿದರೆ ಬಡವರೂ ಪ್ರವಾಸ ಮಾಡಬಹುದು' ಅನ್ನುವ ನೀತಿಪಾಠ ತೆಗೆಯಬೇಡಿ. ನಮ್ಮ 8,610ರ ಲೆಕ್ಕ ನಿಂತದ್ದು ನಮ್ಮ ಜಾಣತನದ ಮೇಲೆ ಮಾತ್ರ ಅಲ್ಲ. ಮೂರು ಶೂನ್ಯ ಟಿಕೆಟ್, ಅಮ್ಮನ ಖಾತೆಗೆ ಬರುವ ಗೃಹಲಕ್ಷ್ಮಿ ಹಣ, ಇವಿಲ್ಲದೆ ಅದು ಆಗುತ್ತಲೇ ಇರಲಿಲ್ಲ. 'ಬಿಟ್ಟಿ ಭಾಗ್ಯ' ಅಂತ ಹಂಗಿಸುವವರಿಗೆ ಉತ್ತರ ಇದು: ಆ ದುಡ್ಡು ಹೊನ್ನಾವರದ ಮೀನು ಮಾರುವ ಹೆಂಗಸಿಗೆ, ಆಟೋದವನಿಗೆ, ಮನೆ ಕೊಟ್ಟ ಯಜಮಾನಿಗೆ, ನಮ್ಮೂರಿನ ರೊಟ್ಟಿ ಕೇಂದ್ರಕ್ಕೆ ಹೋಯಿತು. ಯಾವ ರೆಸಾರ್ಟ್ ಕಂಪನಿಗೂ ಅಲ್ಲ.

ಇನ್ನೂ ಆಗಬೇಕಾದ್ದು ಬಹಳ ಇದೆ. ಪ್ರವಾಸಿ ತಾಣಗಳಲ್ಲಿ ಸರ್ಕಾರವೇ ಅಡುಗೆಮನೆ ಇರುವ ಅಗ್ಗದ ಕುಟುಂಬ ವಸತಿ ಕಟ್ಟಬಹುದು. ಜಾತ್ರೆ ನಡೆಯುವ ಬಯಲುಗಳಲ್ಲಿ ನೀರು, ಶೌಚಾಲಯ, ಸಾಲು ಒಲೆಗಳ ಶೆಡ್ ಕೊಡಬಹುದು. 1,000 ರೂಪಾಯಿ ಒಳಗಿನ ರೂಮಿನ ಮೇಲಿನ ಜಿಎಸ್‌ಟಿಯನ್ನು ಮತ್ತೆ ಸೊನ್ನೆ ಮಾಡಬಹುದು. ಹೋಮ್‌ಸ್ಟೇ ನೋಂದಣಿಗೆ 'ಜಾತಿ ಕೇಳುವಂತಿಲ್ಲ' ಅನ್ನುವ ಷರತ್ತು ಸೇರಿಸಬಹುದು. ಎಲ್ಲಕ್ಕಿಂತ ಮೊದಲು, ಬಿಸಿಯೂಟದವರಿಗೆ 12 ತಿಂಗಳ ವೇತನ, ಅದನ್ನು 'ಗೌರವ' ಅನ್ನದೆ ವೇತನ ಅಂತಲೇ ಕರೆದು ಕೊಡಬೇಕು.

ನೀವು ಯೂನಿಯನ್‌ನಲ್ಲಿ, ವಿದ್ಯಾರ್ಥಿ ಸಂಘಟನೆಯಲ್ಲಿ ಇರುವವರಾದರೆ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಕೆಳಗೆ ಒಂದು ಸಾಲು ರಜೆಗೂ ಬಿಡಿ. ಮನೆಯಲ್ಲಿ ಮಗ, ಅಣ್ಣ, ಗಂಡ ಆಗಿರುವವರಾದರೆ ಅದಕ್ಕೂ ಮೊದಲು ಉಪ್ಪಿಟ್ಟು ಮಾಡೋದು ಕಲಿಯಿರಿ.